ಚುಕ್ಕಾಣಿಯಿಲ್ಲದ ಈಜುಗಾರ

ನಮ್ಮ ಕರುಳಿನಲ್ಲಿ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ವಾಸಿಸುತ್ತದೆ. ಅದರ ಉದ್ದ ಒಂದು ಮಿಲಿಮೀಟರಿನ ಸುಮಾರು 500ನೇ ಒಂದು ಭಾಗ. ಕಣ್ಣಿಲ್ಲ, ಮಿದುಳಿಲ್ಲ. ಆದರೂ ಆಹಾರವಿರುವ ಕಡೆಗೆ ಅದು ಈಜಿ ತಲುಪುತ್ತದೆ. ಹೇಗೆಂದು ಎಂದಾದರೂ ಆಲೋಚಿಸಿದ್ದೀರಾ?

ಅದರ ಮೈಯಿಂದ ಕಶಾಂಗಗಳೆಂಬ ನಾಲ್ಕಾರು ತೆಳ್ಳನೆಯ ಎಳೆಗಳು ಹೊರಚಾಚಿರುತ್ತವೆ. ಅವು ಬಾಲದಂತೆ ಬಳುಕುತ್ತವೆಂಬ ಭಾವನೆ ಬಹುಕಾಲ ಪ್ರಚಲಿತವಾಗಿತ್ತು. ಇಲ್ಲ, ಅವು ಬುಡದಿಂದಲೇ ತಿರುಗುತ್ತವೆ ಎಂದು 1973ರಲ್ಲಿ ಹೋವರ್ಡ್ ಬರ್ಗ್ ಮತ್ತು ರಾಬರ್ಟ್ ಆಂಡರ್ಸನ್ ವಾದಿಸಿದರು. ಮರುವರ್ಷ ಸಿಲ್ವರ್‌ಮನ್ ಮತ್ತು ಸೈಮನ್ ಕಶಾಂಗವನ್ನು ಗಾಜಿಗೆ ಅಂಟಿಸಿ ನೋಡಿದರು. ಎಳೆ ಅಲುಗುವಂತಿಲ್ಲವಾದ್ದರಿಂದ ಜೀವಿಯ ಮೈಯೇ ಗಿರ್ರನೆ ತಿರುಗತೊಡಗಿತು!

ಪ್ರತಿ ಎಳೆಯ ಬುಡದಲ್ಲೂ ಪ್ರೋಟೀನಿನ ಒಂದು ಮೋಟಾರು ಇದೆ. ಹೊರಗಿನಿಂದ ಒಳನುಗ್ಗುವ ಪ್ರೋಟಾನುಗಳು ಅದನ್ನು ಸೆಕೆಂಡಿಗೆ 100ಕ್ಕೂ ಹೆಚ್ಚು ಸುತ್ತು ತಿರುಗಿಸಬಲ್ಲವು. ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿದಾಗ ಎಳೆಗಳೆಲ್ಲ ಹೆಣೆದ ಜಡೆಯಂತೆ ಒಂದಾಗಿ, ಜೀವಿ ನೇರವಾಗಿ ಮುಂದೆ ಸಾಗುತ್ತದೆ. ಕೆಲವು ಎಳೆಗಳು ಮುಳ್ಳಿನ ದಿಕ್ಕಿಗೆ ತಿರುಗಿದರೆ ಸಾಕು, ಜಡೆ ಬಿಚ್ಚಿಹೋಗುತ್ತದೆ. ಜೀವಿ ಕ್ಷಣಕಾಲ ಹೊರಳಾಡಿ, ಎತ್ತಲೋ ಮುಖ ಮಾಡಿ ಮತ್ತೆ ಹೊರಡುತ್ತದೆ.

ಇಲ್ಲೇ ವಿಷಯದ ತಿರುಳಿದೆ. ಎಡಕ್ಕೋ ಬಲಕ್ಕೋ ಹೊರಳುವ ಆಯ್ಕೆ ಅದಕ್ಕಿಲ್ಲ. ಸಾಗುತ್ತಿರಬೇಕೇ, ಹೊರಳಬೇಕೇ ಎಂಬಷ್ಟೇ ಅದರ ಹತೋಟಿಯಲ್ಲಿರುವುದು. ಆಹಾರ ಹೆಚ್ಚುತ್ತಿದ್ದರೆ ಹೊರಳುವುದನ್ನು ಮುಂದೂಡುತ್ತದೆ. ಹೆಚ್ಚುತ್ತಿದೆಯೆಂದು ತಿಳಿಯುವುದಾದರೂ ಹೇಗೆ? ಕಳೆದ ಒಂದು ಸೆಕೆಂಡಿನ ಸ್ಥಿತಿಯನ್ನು ಅದಕ್ಕೂ ಹಿಂದಿನ ಮೂರು ಸೆಕೆಂಡುಗಳ ಸ್ಥಿತಿಯೊಂದಿಗೆ ತುಲನೆ ಮಾಡಿ! ಆಹಾರವನ್ನು ಗುರುತಿಸುವ ಗ್ರಾಹಕ ಪ್ರೋಟೀನುಗಳಿಗೆ ಮೀಥೈಲ್ ಗುಂಪುಗಳು ನಿಧಾನವಾಗಿ ಸೇರುತ್ತಾ ಕಳಚುತ್ತಾ ಇರುತ್ತವೆ. ಅದೇ ಅದರ ನೆನಪು. ಇದನ್ನು ಬುದ್ಧಿಯೆಂದು ಕರೆಯುವುದು ಅವಸರವಾದೀತು. ಬರೀ ಅದೃಷ್ಟವೆನ್ನುವುದಂತೂ ತಪ್ಪು.

ಸುದ್ದಿ ಮುಟ್ಟಿಸುವುದು ಚೆ-ವೈ ಎಂಬ ಪ್ರೋಟೀನು. ಆಹಾರ ಕಡಿಮೆಯಾದಾಗ ಅದಕ್ಕೆ ಫಾಸ್ಫೇಟ್ ಸೇರುತ್ತದೆ. ಆಗ ಅದು ಹೋಗಿ ಮೋಟಾರಿಗೆ ಅಂಟಿ ದಿಕ್ಕು ಬದಲಿಸುತ್ತದೆ. ಚೆ-ಜ಼ೆಡ್ ಎಂಬ ಇನ್ನೊಂದು ಪ್ರೋಟೀನು ಆ ಫಾಸ್ಫೇಟನ್ನು ಬೇಗನೆ ಕಳಚುತ್ತದೆ. ಇಲ್ಲವಾದರೆ ಹೊರಳಾಟ ನಿಲ್ಲುತ್ತಲೇ ಇರಲಿಲ್ಲ. 2020ರಲ್ಲಿ ಪ್ರಕಟವಾದ ಅಧ್ಯಯನಗಳು ಇನ್ನೊಂದು ಸೋಜಿಗವನ್ನು ವಿವರಿಸಿದವು. ಮೋಟಾರನ್ನು ನೂಕುವ ಪುಟ್ಟ ಗಾಲಿಗಳು ಸದಾ ಒಂದೇ ದಿಕ್ಕಿಗೆ ತಿರುಗುತ್ತವೆ. ಬದಲಾಗುವುದು ದೊಡ್ಡ ಉಂಗುರದ ಆಕಾರ. ಅದು ಗಾಲಿಗಳ ಇನ್ನೊಂದು ಬದಿಗೆ ತಾಗಿದಾಗ ತಾನು ಹಿಮ್ಮುಖವಾಗಿ ತಿರುಗುತ್ತದೆ.

ಇದು ಪ್ರಯೋಗಾಲಯದ ಕುತೂಹಲ ಮಾತ್ರವಲ್ಲ. ಹೊಟ್ಟೆಹುಣ್ಣಿಗೆ ಕಾರಣವಾಗುವ ಹೆಲಿಕೋಬ್ಯಾಕ್ಟರ್ ಪೈಲೋರಿ ಜಠರದ ಆಮ್ಲದಿಂದ ತಪ್ಪಿಸಿಕೊಂಡು ಲೋಳೆಪದರದೊಳಗೆ ನುಸುಳುವುದು ಕಶಾಂಗಗಳ ಬಲದಿಂದಲೇ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ, ಕಶಾಂಗವಿಲ್ಲದ ತಳಿಗೆ ಜಠರದಲ್ಲಿ ನೆಲೆಯೂರಲು ಸಾಧ್ಯವಾಗಲಿಲ್ಲ.