ಕುದುರೆಯ ಕಣ್ಣು ಮಂಜಾದರೆ ಲಾಯದ ಸುತ್ತಲೂ ನೋಡಿ

ಕುದುರೆಯ ಕಣ್ಣಿನಿಂದ ನೀರು ಸುರಿಯುತ್ತಿದ್ದು, ರೆಪ್ಪೆ ಅರ್ಧ ಮುಚ್ಚಿಕೊಂಡು ಬೆಳಕಿಗೆ ಮುಖ ತಿರುಗಿಸುತ್ತಿದ್ದರೆ ಅದಕ್ಕೆ ನೋವಿದೆ ಎಂದೇ ತಿಳಿಯಿರಿ. ಅಂದೇ ಪಶುವೈದ್ಯರಿಗೆ ಹೇಳಿ, ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ. ಆಲೂರು, ಸಕಲೇಶಪುರದವರಿಗೆ ಹಾಸನದ ಪಶುವೈದ್ಯಕೀಯ ಕಾಲೇಜು ದೂರವೇನಲ್ಲ. ಮನೆಯಲ್ಲಿ ಉಳಿದಿರುವ ಹನಿ ಔಷಧವನ್ನು ಮಾತ್ರ ದಯವಿಟ್ಟು ಹಾಕಬೇಡಿ. ಕಣ್ಣಲ್ಲಿ ಹುಣ್ಣಿದ್ದು ಹನಿಯಲ್ಲಿ ಸ್ಟೀರಾಯ್ಡ್ ಇದ್ದರೆ ದೃಷ್ಟಿಯೇ ಹೋಗಬಹುದು.

ವೈದ್ಯರು ಬರುವವರೆಗೆ ಕುದುರೆಯನ್ನು ನೆರಳಲ್ಲಿ ಕಟ್ಟಿ, ಟಾರ್ಚ್ ಹಿಡಿದು ನೋಡಿ. ಕಣ್ಣೊಳಗಿನ ನೀರಿನಲ್ಲಿ ಬಿಳಿ ದಾರದಂಥದ್ದು ಹೊರಳಾಡುತ್ತಿದ್ದರೆ ಅದು ಸೆಟೇರಿಯಾ ಹುಳು. ಅದರ ಸಹಜ ಮನೆ ದನ, ಎಮ್ಮೆಗಳ ಹೊಟ್ಟೆ. ಅಲ್ಲಿದ್ದರೆ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ದನದ ರಕ್ತ ಹೀರಿದ ಸೊಳ್ಳೆ ಕುದುರೆಯನ್ನು ಕಚ್ಚಿದಾಗ ಮರಿಹುಳು ದಾರಿ ತಪ್ಪಿ ಕಣ್ಣು ಸೇರುತ್ತದೆ. ಬೆನ್ನುಹುರಿ ಸೇರಿದರೆ ಕುದುರೆಯ ಸೊಂಟವೇ ಬಿದ್ದುಹೋಗುತ್ತದೆ. ವೈದ್ಯರು ಮಂಪರು ಕೊಟ್ಟು, ಕಣ್ಣಿಗೆ ಅರಿವಳಿಕೆ ಹಾಕಿ ಹುಳುವನ್ನು ಹೊರತೆಗೆಯುತ್ತಾರೆ.

ಆದ್ದರಿಂದ ಮೊದಲ ಕೆಲಸ, ದನದ ಕೊಟ್ಟಿಗೆಯ ಮಗ್ಗುಲಲ್ಲಿ ಕುದುರೆ ಕಟ್ಟುವುದನ್ನು ಬಿಡುವುದು. ಜಾಗವಿಲ್ಲದಿದ್ದರೆ ಮುಸ್ಸಂಜೆಗೆ ಮೊದಲೇ ಲಾಯಕ್ಕೆ ಸೊಳ್ಳೆಪರದೆ ಇಳಿಬಿಡಿ. ಗಂಜಲದ ಗುಂಡಿ, ಚರಂಡಿ, ಹಳೆ ಡ್ರಮ್ಮುಗಳಲ್ಲಿ ನೀರು ನಿಲ್ಲದಿರಲಿ. ಸೊಳ್ಳೆಗೆಂದು ಲಾಯದೊಳಗೆ ಹೊಗೆ ಹಾಕುವ ರೂಢಿ ನನಗೆ ಒಪ್ಪಿಗೆಯಿಲ್ಲ, ಆ ಹೊಗೆಯೇ ಕಣ್ಣನ್ನು ಕೆರಳಿಸುತ್ತದೆ. ಕುದುರೆಗೂ ದನಗಳಿಗೂ ಹುಳುವಿನ ಔಷಧವನ್ನು ವೈದ್ಯರನ್ನು ಕೇಳಿಯೇ ಕೊಡಿ.

ಹುಳು ಕಾಣದೆ ಕಣ್ಣು ಮಂಜಾಗಿದ್ದರೆ ಗದ್ದೆಯ ನೀರನ್ನು ಅನುಮಾನಿಸಿ. ಇಲಿ, ಹೆಗ್ಗಣಗಳ ಮೂತ್ರ ಬೆರೆತ ನೀರಿನಲ್ಲಿ ಇಲಿಜ್ವರದ ರೋಗಾಣು ಇರುತ್ತದೆ. ಸೋಂಕು ತಗುಲಿ ತಿಂಗಳುಗಳಾದ ಮೇಲೂ ಕಣ್ಣೊಳಗೆ ಉರಿಯೂತ ಹುಟ್ಟಬಹುದು. ವಾಸಿಯಾಯಿತು ಎನ್ನುವಷ್ಟರಲ್ಲಿ ಮರಳಿ, ಪ್ರತಿ ಸಲವೂ ದೃಷ್ಟಿಯನ್ನು ಒಂದಿಷ್ಟು ತಿನ್ನುತ್ತದೆ. ಮಳೆಗಾಲದಲ್ಲಿ ಗದ್ದೆಬದಿಯಲ್ಲಿ ಮೇಯಲು ಬಿಡಬೇಡಿ. ಶುದ್ಧವಾದ ನೀರನ್ನು ಬಕೆಟ್ಟಿನಲ್ಲಿ ಕುಡಿಸಿ, ಹುರುಳಿ, ಬೂಸಾಗಳನ್ನು ಮುಚ್ಚಳದ ಡಬ್ಬಿಯಲ್ಲಿಡಿ.

ಕಾಫಿ ತೋಟದವರಿಗೆ ಇನ್ನೊಂದು ಮಾತು. ಬೋರ್ಡೋ ದ್ರಾವಣ ಹೊಡೆಯುವ ದಿನ ಕುದುರೆಯನ್ನು ಗಾಳಿ ಬೀಸುವ ದಿಕ್ಕಿನಿಂದ ದೂರ ಸಾಗಿಸಿ. ಅದರಲ್ಲಿರುವ ಸುಣ್ಣ, ಮೈಲುತುತ್ತ ಎರಡೂ ಕಣ್ಣಿಗೆ ಅಪಾಯ. ಸಿಡಿದರೆ ತಕ್ಷಣ ತಣ್ಣೀರನ್ನು ಧಾರಾಳವಾಗಿ ಸುರಿಯುತ್ತಾ ತೊಳೆಯಿರಿ, ವೈದ್ಯರಿಗೆ ಫೋನು ಆಮೇಲೆ. ಲಂಟಾನದ ಮುಳ್ಳು, ಒಣಹುಲ್ಲಿನ ಚೂರು ಚುಚ್ಚಿದ ಗಾಯಕ್ಕೆ ಬೂಷ್ಟು ಹಿಡಿಯಬಹುದು, ಅದನ್ನೂ ಮುಚ್ಚಿಡಬೇಡಿ.

ಲದ್ದಿಯನ್ನು ದಿನವೂ ತೆಗೆದು ದೂರ ಹಾಕಿ. ನೊಣಗಳಿಗೆ ಅದೇ ತವರು, ಅವು ಕಣ್ಣಂಚಿನ ಪಿಸುರಿಗೂ ಮುತ್ತುತ್ತವೆ. ವೈದ್ಯರು ಬಂದಾಗ ತೊಂದರೆ ಯಾವ ಕಣ್ಣಿಗೆ, ಎಂದಿನಿಂದ, ಆ ವಾರ ಕುದುರೆ ಎಲ್ಲಿ ಮೇಯಿತು, ತೋಟದಲ್ಲಿ ಏನು ಸಿಂಪಡಿಸಿದ್ದಿರಿ ಎಂಬುದನ್ನು ಬರೆದಿಟ್ಟು ಹೇಳಿ.