ತರಗತಿಗೊಂದು ಬ್ಲಾಗು: ಬರೆಯುವ ಮಕ್ಕಳಿಗೆ ಓದುಗರು ಬೇಕು

ಪ್ರಬಂಧದ ನೋಟ್‌ಬುಕ್ಕಿಗೆ ಇರುವುದು ಒಬ್ಬರೇ ಓದುಗರು, ಮೇಷ್ಟ್ರು. ಅವರು ಓದುವುದೂ ತಪ್ಪಿಗೆ ಕೆಂಪು ಗೆರೆ ಎಳೆದು ಅಂಕ ಹಾಕುವುದಕ್ಕೆ. ಬರೆದ ವಿಷಯ ಅವರಿಗೆ ಮೊದಲೇ ಗೊತ್ತಿದೆ ಎನ್ನುವುದು ಮಕ್ಕಳಿಗೂ ಗೊತ್ತು. ಹಾಗಾಗಿ ‘ನಮ್ಮೂರ ಕೆರೆ’ ಬಗ್ಗೆ ಬರೆಯಿರಿ ಎಂದರೆ ಗೈಡಿನಲ್ಲಿರುವ ಕೆರೆಯೇ ತರಗತಿಯ ಅಷ್ಟೂ ನೋಟ್‌ಬುಕ್ಕುಗಳಲ್ಲಿ ಕೋಡಿ ಹರಿಯುತ್ತದೆ. ಆ ಕೆರೆಯನ್ನು ಎಂದೂ ನೋಡದ ಒಬ್ಬ ಓದುಗನನ್ನು ಮಕ್ಕಳಿಗೆ ಒದಗಿಸಲು ಬ್ಲಾಗಿಗಿಂತ ಅಗ್ಗದ ದಾರಿ ಸಿಗುವುದು ಕಷ್ಟ. ತರಗತಿಯಲ್ಲಿ ಬ್ಲಾಗು ಏಕೆ ಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ.

ಇದು ಇಂಟರ್‌ನೆಟ್ಟು ಕಲಿಸಿದ ಪಾಠವೇನಲ್ಲ. ಮೊದಲ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಪೆಟ್ಟು ಬಿದ್ದಿದ್ದ ಸೆಲೆಸ್ತಾಂ ಫ್ರೆನೆ ಎಂಬ ಫ್ರೆಂಚ್ ಶಿಕ್ಷಕ 1920ರ ದಶಕದಲ್ಲಿ ಬಾರ್-ಸುರ್-ಲೂ ಎಂಬ ಹಳ್ಳಿಯ ಶಾಲೆಗೆ ಸಣ್ಣದೊಂದು ಮುದ್ರಣ ಯಂತ್ರ ತಂದರು. ಮಕ್ಕಳು ತಾವು ಕಂಡದ್ದನ್ನು ಬರೆದರು, ಎಲ್ಲರೂ ಕೂತು ತಿದ್ದಿದರು, ತಾವೇ ಮೊಳೆ ಜೋಡಿಸಿ ಅಚ್ಚು ಹಾಕಿದರು. ಆ ಹಾಳೆಗಳು ದೇಶದ ಇನ್ನೊಂದು ತುದಿಯಲ್ಲಿರುವ, ಸಮುದ್ರ ದಂಡೆಯ ಬ್ರಿಟನಿಯ ಶಾಲೆಗೆ ಅಂಚೆಯಲ್ಲಿ ಹೋದವು. ಅಲ್ಲಿಂದ ಉತ್ತರ ಬಂತು. ಗುಡ್ಡದ ಮಕ್ಕಳು ಕಡಲ ಮಕ್ಕಳಿಗೆ ತಮ್ಮ ಊರನ್ನು ವಿವರಿಸಬೇಕಾಗಿ ಬಂದಾಗ ಬರವಣಿಗೆಗೆ ಒಂದು ಕೆಲಸ ಸಿಕ್ಕಿತು. ತರಗತಿಯ ಬ್ಲಾಗು ಮಾಡಬೇಕಾದದ್ದೂ ಇದನ್ನೇ. ಹಾಗಾಗಿ ಮೊದಲ ಹೆಜ್ಜೆ ಕಂಪ್ಯೂಟರಿನದಲ್ಲ, ಜೊತೆ ಶಾಲೆಯನ್ನು ಹುಡುಕುವುದು. ಕೋಲಾರದ ಕಡೆಯ ಎಂಟನೇ ತರಗತಿಗೆ ಕುಮಟೆಯ ಕಡೆಯ ಎಂಟನೇ ತರಗತಿ ಓದುಗರಾದರೆ ಒಳ್ಳೆಯದು. ‘ಕೆರೆ ಬಹಳ ಸುಂದರವಾಗಿದೆ’ ಎಂದು ಬರೆದವಳಿಗೆ ಅಲ್ಲಿಂದ ‘ಕೆರೆಯ ನೀರು ಬಿಡುವವರು ಯಾರು? ತೂಬು ಎತ್ತುವುದು ಯಾವಾಗ? ನೀರು ಮೊದಲು ಯಾರ ಗದ್ದೆಗೆ?’ ಎಂಬ ಪ್ರಶ್ನೆ ಬರುತ್ತದೆ. ಉತ್ತರಕ್ಕಾಗಿ ಅವಳು ತಾತನನ್ನು ಕೇಳಬೇಕು, ಕೆರೆ ಏರಿಯ ಮೇಲೆ ನಡೆದು ನೋಡಬೇಕು. ಎರಡನೇ ಕರಡು ಮೊದಲಿನದಕ್ಕಿಂತ ಉದ್ದವಾಗುವುದು ಇದರಿಂದಲೇ ಹೊರತು ‘ಇನ್ನೂ ವಿವರವಾಗಿ ಬರೆ’ ಎಂಬ ಷರಾದಿಂದಲ್ಲ.

ಎರಡನೆಯದು ಖಾತೆ. ಗೂಗಲ್‌ನ ಬ್ಲಾಗರ್ ಉಚಿತ. ಶಿಕ್ಷಕರ ಹೆಸರಿನಲ್ಲಿ ಒಂದೇ ಖಾತೆ ಸಾಕು, ಮಕ್ಕಳಿಗೆ ಬೇರೆ ಬೇರೆ ಖಾತೆ ಬೇಡವೇ ಬೇಡ. ಸೆಟ್ಟಿಂಗ್ಸ್‌ನಲ್ಲಿ ಬ್ಲಾಗನ್ನು ಆಹ್ವಾನಿತ ಓದುಗರಿಗಷ್ಟೇ ತೆರೆಯಿರಿ. ಪ್ರತಿ ಕಮೆಂಟೂ ನಿಮ್ಮ ಒಪ್ಪಿಗೆ ಪಡೆದೇ ಪ್ರಕಟವಾಗುವಂತೆ ಮಾಡಿ. ಬರಹದ ಕೆಳಗೆ ಮಗುವಿನ ಮೊದಲ ಹೆಸರೋ ಅಂಕಿತನಾಮವೋ ಇರಲಿ. ಮುಖ ಕಾಣುವ ಫೋಟೊ, ಮನೆಯ ವಿಳಾಸ, ಫೋನ್ ನಂಬರ್ ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನೆಲ್ಲ ಮಕ್ಕಳೆಂದೇ ಪರಿಗಣಿಸಿ, ಅವರ ಮಾಹಿತಿಯ ಬಳಕೆಗೆ ಪೋಷಕರ ಒಪ್ಪಿಗೆ ಕೇಳುತ್ತದೆ. ಪೋಷಕರ ಸಭೆಯಲ್ಲಿ ವಿಷಯ ತಿಳಿಸಿ ಸಹಿ ತೆಗೆದುಕೊಳ್ಳಿ. ಮುಖ್ಯ ಶಿಕ್ಷಕರಿಗೂ ಮೊದಲೇ ಹೇಳಿರಿ. 2012ರಲ್ಲಿ ಸ್ಕಾಟ್ಲೆಂಡಿನ ಒಂಬತ್ತು ವರ್ಷದ ಮಾರ್ಥಾ ಪೇನ್ ಶಾಲೆಯ ಊಟದ ಫೋಟೊ ಹಾಕಿ ಅಂಕ ಕೊಡುತ್ತಾ ಬ್ಲಾಗು ಬರೆದಳು. ಸ್ಥಳೀಯ ಆಡಳಿತ ಫೋಟೊ ತೆಗೆಯಬಾರದೆಂದಿತು, ಜನ ಸಿಡಿದೆದ್ದ ಮೇಲೆ ಒಂದೇ ದಿನದಲ್ಲಿ ನಿಷೇಧ ಹಿಂತೆಗೆಯಿತು. ಬಿಸಿಯೂಟದ ಸಾಂಬಾರಿನ ಬಗ್ಗೆ ಬರೆಯುವ ಮಗು ನಮ್ಮಲ್ಲೂ ಇದ್ದೇ ಇರುತ್ತದೆ. ಆಗ ಏನು ಮಾಡುವುದೆಂದು ಶಾಲೆ ಮೊದಲೇ ಯೋಚಿಸಿರಲಿ.

‘ಲ್ಯಾಬಿನಲ್ಲಿ ಕೆಲಸ ಮಾಡುವ ಕಂಪ್ಯೂಟರೇ ಒಂದೋ ಎರಡೋ, ಕರೆಂಟೂ ಇರುವುದಿಲ್ಲ’ ಎಂಬ ಆಕ್ಷೇಪ ಸುಳ್ಳಲ್ಲ. ಆದರೆ ಬರೆಯುವುದು, ಓದಿ ಹೇಳುವುದು, ತಿದ್ದುವುದು ಎಲ್ಲ ಹಾಳೆಯ ಮೇಲೇ ಆಗಬೇಕು. ತೆರೆಗೆ ಹೋಗುವುದು ಕೊನೆಯ ಪ್ರತಿ ಮಾತ್ರ. ವಾರಕ್ಕೆ ಐದು ಮಕ್ಕಳ ಸರದಿ ಇಟ್ಟರೆ ಒಂದೇ ಕಂಪ್ಯೂಟರು ಸಾಕು. ಟೈಪಿಂಗ್ ಯೂನಿಕೋಡಿನಲ್ಲೇ ಇರಲಿ, ಹಳೆಯ ಫಾಂಟಿನ ಅಕ್ಷರಗಳು ಬೇರೆ ಫೋನಿನಲ್ಲಿ ಅಕ್ಷರವಾಗಿ ಉಳಿಯುವುದಿಲ್ಲ. ಅದೂ ಆಗದಿದ್ದರೆ ಕೈಬರಹದ ಹಾಳೆಯ ಫೋಟೊ ಹಾಕಿ. ದುಂಡಗೆ ಬರೆಯುವ ಮಕ್ಕಳಿಗೆ ಅದೇ ಹೆಚ್ಚು ಖುಷಿ.

‘ಸಿಲಬಸ್ ಮುಗಿಸುವುದೇ ಕಷ್ಟ, ಇದೆಲ್ಲಿ?’ ಎನ್ನುವವರಿಗೆ ಉತ್ತರ: ಪತ್ರಲೇಖನ, ಪ್ರಬಂಧ, ವಿಜ್ಞಾನದ ಪ್ರಯೋಗದ ವರದಿ ಹೇಗೂ ಬರೆಸಲೇಬೇಕಾದವು, ಅವನ್ನೇ ಬ್ಲಾಗಿಗೆ ಬರೆಸಿ. ಎಐ ಬರೆದುಕೊಟ್ಟದ್ದನ್ನು ಮಕ್ಕಳು ನಕಲು ಮಾಡುವುದಿಲ್ಲವೇ ಎಂಬ ಅನುಮಾನ ಇನ್ನೂ ಗಟ್ಟಿ. ಮೊದಲ ಕರಡು ತರಗತಿಯಲ್ಲೇ ಆಗುವುದು ಅದಕ್ಕೆ ಅರ್ಧ ಮದ್ದು. ನಿಮ್ಮ ಊರಿನ ತೂಬಿಗೆ ಈ ವರ್ಷ ಯಾರು ಗ್ರೀಸ್ ಹಾಕಿದರು ಎನ್ನುವುದು ಎಐಗೆ ಗೊತ್ತಿರುವುದಿಲ್ಲ ಎನ್ನುವುದು ಉಳಿದರ್ಧ. ಕಾಗುಣಿತದ ತಪ್ಪನ್ನು ಎಲ್ಲರೆದುರು ತೋರಿಸಿಕೊಳ್ಳಲು ಹೆದರುವ ಮಗುವಿನ ವಿಷಯದಲ್ಲಿ ಮಾತ್ರ ನನಗೆ ಸುಲಭದ ಉತ್ತರವಿಲ್ಲ. ಬಲವಂತ ಮಾಡಬೇಡಿ. ಅಂಥವರು ಕೆಲವು ವಾರ ಬೇರೆಯವರ ಬರಹಕ್ಕೆ ಪ್ರಶ್ನೆ ಬರೆಯಲಿ, ಅದೂ ಬರವಣಿಗೆಯೇ.

ಬ್ಲಾಗಿನ ಬರಹಕ್ಕೆ ಅಂಕ ಮಾತ್ರ ಕೊಡಬೇಡಿ. ಕೊಟ್ಟರೆ ಓದುಗ ಮತ್ತೆ ಮೇಷ್ಟ್ರೊಬ್ಬರೇ ಆಗುತ್ತಾರೆ. ಮುಂದಿನ ಶೈಕ್ಷಣಿಕ ವರ್ಷಕ್ಕೆ ಶುರು ಮಾಡುವ ಮನಸ್ಸಿದ್ದರೆ ಬೇಸಿಗೆ ರಜೆಯಲ್ಲೇ ಜೊತೆ ಶಾಲೆಯ ಶಿಕ್ಷಕರೊಬ್ಬರಿಗೆ ಫೋನ್ ಮಾಡಿ. ಬ್ಲಾಗು ತೆರೆಯುವುದು ಅರ್ಧ ಗಂಟೆಯ ಕೆಲಸ, ಅದು ಜೂನ್‌ಗಾದರೂ ಆದೀತು.