ಭವಿಷ್ಯದ ಭರವಸೆಗೆ ಪ್ರಮಾಣವೇನು?

ಕೃತಕ ಬುದ್ಧಿಮತ್ತೆಯು ರೋಗಗಳನ್ನೆಲ್ಲ ನೀಗುವುದು, ದಾರಿದ್ರ್ಯವನ್ನು ಅಳಿಸುವುದು, ಮನುಷ್ಯನನ್ನು ದುಡಿಮೆಯ ಭಾರದಿಂದಲೇ ಬಿಡಿಸುವುದು ಎಂಬ ಘೋಷಣೆಗಳು ಇಂದು ಪ್ರತಿದಿನವೂ ಕೇಳಿಬರುತ್ತಿವೆ. ಮುಂಬಯಿ, ಪುಣೆ, ಹೈದರಾಬಾದು ಮೊದಲಾದ ನಗರಗಳಲ್ಲಿ ಕಂಪ್ಯೂಟರ್ ಉದ್ಯೋಗವನ್ನು ನೆಚ್ಚಿ ನೆಲೆಸಿರುವ ನಮ್ಮ ಅನೇಕ ಕುಟುಂಬಗಳಿಗೆ ಇದು ಬರಿಯ ಕುತೂಹಲದ ವಿಷಯವಲ್ಲ. “ಎಲ್ಲವನ್ನೂ ಯಂತ್ರವೇ ಮಾಡುವುದಾದರೆ ಮಕ್ಕಳು ಗಣಿತವನ್ನೇಕೆ ಅಭ್ಯಸಿಸಬೇಕು, ಭಾಷೆಯನ್ನೇಕೆ ಕಲಿಯಬೇಕು?” ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಆದುದರಿಂದ ಇಂತಹ ಭರವಸೆಗಳನ್ನು ಪರೀಕ್ಷಿಸುವ ಕ್ರಮವನ್ನು ಇಲ್ಲಿ ವಿಚಾರಿಸೋಣ.

ಮೊದಲು ಪೂರ್ವವೃತ್ತಾಂತ. 1956ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ನಡೆದ ವಿದ್ವದ್ಗೋಷ್ಠಿಯಿಂದ ಈ ಶಾಸ್ತ್ರದ ಹೆಸರು ರೂಢಿಗೆ ಬಂದಿತು. ಮರುವರ್ಷವೇ ಹರ್ಬರ್ಟ್ ಸೈಮನ್ ಎಂಬ ಪ್ರಸಿದ್ಧ ವಿದ್ವಾಂಸರು, ಹತ್ತು ವರ್ಷಗಳೊಳಗೆ ಕಂಪ್ಯೂಟರು ಚದುರಂಗದಲ್ಲಿ ವಿಶ್ವವಿಜೇತವಾಗುವುದೆಂದು ನುಡಿದರು. ಡೀಪ್ ಬ್ಲೂ ಎಂಬ ಯಂತ್ರವು ಗ್ಯಾರಿ ಕ್ಯಾಸ್ಪರೋವರನ್ನು ಪಂದ್ಯದಲ್ಲಿ ಸೋಲಿಸಿದುದು 1997ರಲ್ಲಿ. ಹತ್ತು ವರ್ಷಗಳ ಮಾತಿಗೆ ನಲವತ್ತು ವರ್ಷಗಳಾದುವು. ಮನುಷ್ಯನು ಮಾಡಬಲ್ಲ ಯಾವ ಕೆಲಸವನ್ನಾದರೂ ಇಪ್ಪತ್ತು ವರ್ಷಗಳಲ್ಲಿ ಯಂತ್ರವು ಮಾಡುವುದೆಂದು ಅವರೇ 1965ರಲ್ಲಿ ಬರೆದರು. ಆ ಅವಧಿ 1985ಕ್ಕೆ ಮುಗಿಯಿತು, ಮಾತು ಸಫಲವಾಗಲಿಲ್ಲ. ಇದರ ನಡುವೆ, 1973ರಲ್ಲಿ, ಬ್ರಿಟನ್ನಿನಲ್ಲಿ ಜೇಮ್ಸ್ ಲೈಟ್‌ಹಿಲ್ ಅವರ ವರದಿಯು ಭರವಸೆಗೂ ಫಲಕ್ಕೂ ಇರುವ ಅಂತರವನ್ನು ಎತ್ತಿ ತೋರಿಸಿತು. ಸಂಶೋಧನೆಗೆ ದೊರೆಯುತ್ತಿದ್ದ ಸರ್ಕಾರಿ ಧನಸಹಾಯ ಬಹಳವಾಗಿ ಕುಗ್ಗಿತು. ಅತಿಶಯೋಕ್ತಿಯ ದಂಡವನ್ನು ಅತಿಶಯೋಕ್ತಿ ಮಾಡದವರೂ ತೆರಬೇಕಾಯಿತು.

ಹಾಗಾದರೆ ಇಂದಿನ ಮಾತನ್ನು ಅಳೆಯುವುದು ಹೇಗೆ? ಪ್ರತ್ಯಕ್ಷ, ಅನುಮಾನ, ಆಪ್ತವಾಕ್ಯ ಎಂಬ ಪರಿಚಿತವಾದ ಮೂರು ಒರೆಗಲ್ಲುಗಳು ಇಲ್ಲಿಯೂ ಸಾಕು.

ಪ್ರತ್ಯಕ್ಷವನ್ನು ಅಲ್ಲಗಳೆಯಲಾಗದು. 2022ರ ನವೆಂಬರಿನಲ್ಲಿ ಹೊರಬಂದ ಚಾಟ್‌ಜಿಪಿಟಿಯು ಪತ್ರ ಬರೆಯುವುದನ್ನೂ ಅನುವಾದಿಸುವುದನ್ನೂ ನಾವೇ ಕಾಣುತ್ತೇವೆ. ಪ್ರೋಟೀನುಗಳ ಆಕಾರವನ್ನು ಯಂತ್ರದ ಮೂಲಕ ಊಹಿಸಿದವರಿಗೆ 2024ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಅರ್ಧಭಾಗ ದೊರೆಯಿತು. ಆದರೆ ಪ್ರತ್ಯಕ್ಷಕ್ಕೆ ಇನ್ನೊಂದು ಮುಖವೂ ಉಂಟು. 2023ರಲ್ಲಿ ನ್ಯೂಯಾರ್ಕಿನ ವಕೀಲರು ಅದೇ ಯಂತ್ರವನ್ನು ನಂಬಿ, ಎಂದೂ ನೀಡಲ್ಪಡದ ತೀರ್ಪುಗಳನ್ನು ನ್ಯಾಯಾಲಯದಲ್ಲಿ ಉದಾಹರಿಸಿ 5,000 ಡಾಲರುಗಳ ದಂಡಕ್ಕೆ ಗುರಿಯಾದರು.

ಅನುಮಾನಕ್ಕೆ ವ್ಯಾಪ್ತಿ ಬೇಕು. ಹೊಗೆಯಿದ್ದಲ್ಲೆಲ್ಲ ಬೆಂಕಿಯಿದೆ ಎಂಬ ನಿಯಮವಿರುವುದರಿಂದಲೇ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುತ್ತೇವೆ. “ಒಂದರಲ್ಲಿ ಗೆದ್ದ ಯಂತ್ರವು ಎಲ್ಲದರಲ್ಲಿಯೂ ಗೆಲ್ಲುವುದು” ಎಂಬಲ್ಲಿ ಅಂತಹ ನಿಯಮವಿಲ್ಲ. ಕ್ಯಾಸ್ಪರೋವರನ್ನು ಸೋಲಿಸಿದ ಯಂತ್ರಕ್ಕೆ ಚದುರಂಗದ ಹೊರತು ಬೇರೇನೂ ತಿಳಿದಿರಲಿಲ್ಲ.

ಇನ್ನುಳಿದುದು ಆಪ್ತವಾಕ್ಯ. ವಿಷಯವನ್ನು ಬಲ್ಲವನು, ವಂಚನೆಯ ಇಚ್ಛೆಯಿಲ್ಲದವನು ಆಪ್ತ. ಬಂಡವಾಳ ಸಂಗ್ರಹಿಸುವ ಉದ್ಯಮಿಯು ತನ್ನ ಸರಕನ್ನು ಹೊಗಳಿದರೆ ಆ ಮಾತನ್ನು ಎಷ್ಟು ಕಳೆದು ಕೇಳಬೇಕೆಂಬುದು ಸ್ಪಷ್ಟ. ನಿಸ್ಪೃಹರ ಮಾತಿಗೂ ಎಲ್ಲೆಯುಂಟು. ಈ ಶಾಸ್ತ್ರದ ಅಗ್ರಗಣ್ಯರಾದ ಜೆಫ್ರಿ ಹಿಂಟನ್, ಐದು ವರ್ಷಗಳಲ್ಲಿ ಯಂತ್ರವು ರೇಡಿಯಾಲಜಿ ವೈದ್ಯರನ್ನು ಮೀರಿಸುವುದು, ಆದ್ದರಿಂದ ಹೊಸಬರಿಗೆ ಆ ಶಿಕ್ಷಣವನ್ನು ನಿಲ್ಲಿಸಬೇಕು ಎಂದು 2016ರಲ್ಲಿ ಹೇಳಿದರು. ಆ ಅವಧಿ ಕಳೆದ ಮೇಲೂ ಅನೇಕ ದೇಶಗಳಲ್ಲಿ ಅಂತಹ ವೈದ್ಯರ ಅಭಾವವೇ ಉಳಿದಿದೆ. ಯಂತ್ರವು ಅವರಿಗೆ ಸಹಾಯಕವಾಗಿದೆ. ತಮ್ಮ ಮಾತು ಅತಿವ್ಯಾಪ್ತವಾಗಿತ್ತೆಂದು ಹಿಂಟನ್ ಅವರೇ 2025ರಲ್ಲಿ ಒಪ್ಪಿಕೊಂಡರು. ಇದು ಅವರ ಸೌಜನ್ಯ. ಆದರೆ ಆ ಮಾತನ್ನು ನಂಬಿ ಯಾವ ವಿದ್ಯಾರ್ಥಿಯಾದರೂ ದಾರಿ ಬದಲಿಸಿದ್ದರೆ, ಕಳೆದುಹೋದ ವರ್ಷಗಳನ್ನು ಅವನಿಗೆ ಯಾರು ಹಿಂದಿರುಗಿಸುವರು?

ಭರವಸೆಯ ಮುಖ್ಯ ದೋಷವೇ ಇದು: ಫಲ ನಾಳೆಗೆ, ನಷ್ಟ ಇಂದಿಗೆ, ನುಡಿಯುವವರು ಒಬ್ಬರು, ತೆರುವವರು ಮತ್ತೊಬ್ಬರು. ನೆದರ್‌ಲೆಂಡ್ಸ್ ದೇಶದಲ್ಲಿ ಶಿಶುಪಾಲನೆಯ ಸರ್ಕಾರಿ ನೆರವನ್ನು ಪಡೆದ ಸಾವಿರಾರು ಕುಟುಂಬಗಳ ಮೇಲೆ ಅನ್ಯಾಯವಾಗಿ ವಂಚನೆಯ ಆರೋಪ ಬಂದಿತು. ಯಾರನ್ನು ಶಂಕಿಸಬೇಕೆಂದು ಸೂಚಿಸುವ ಕಂಪ್ಯೂಟರ್ ವ್ಯವಸ್ಥೆಯನ್ನೂ ತೆರಿಗೆ ಇಲಾಖೆ ಬಳಸುತ್ತಿತ್ತು. ಅದರ ಲೆಕ್ಕದಲ್ಲಿ ಪೌರತ್ವವೂ ಒಂದು ಅಂಶವಾಗಿತ್ತು. ಕುಟುಂಬಗಳು ಸಾಲದಲ್ಲಿ ಮುಳುಗಿದವು. 2021ರ ಜನವರಿಯಲ್ಲಿ ಸರ್ಕಾರವೇ ರಾಜೀನಾಮೆ ನೀಡಿತು. ಯಂತ್ರವು ನಿಷ್ಪಕ್ಷಪಾತಿಯೆಂಬ ನಂಬಿಕೆಯ ಬೆಲೆಯನ್ನು ತೆತ್ತವರು, ಪ್ರತಿಯಾಗಿ ಮಾತನಾಡುವ ಬಲವಿಲ್ಲದ ತಾಯಿತಂದೆಯರು.

ಹೀಗೆಂದು ಯಂತ್ರವನ್ನು ದ್ವೇಷಿಸಬೇಕಾಗಿಲ್ಲ, ಉಪಯುಕ್ತವಾದುದನ್ನು ಬಳಸೋಣ. ಭರವಸೆಯೊಂದು ಕಿವಿಗೆ ಬಿದ್ದಾಗ, ಇಂದು ಕಾಣುವುದೆಷ್ಟು, ಊಹೆಗೆ ಆಧಾರವೇನು, ಹೇಳುವವರಿಗೆ ಲಾಭವೇನು, ಸುಳ್ಳಾದರೆ ನಷ್ಟ ಯಾರಿಗೆ ಎಂದು ಕೇಳೋಣ. ಯಂತ್ರವು ಕೊಟ್ಟ ಉತ್ತರ ಸರಿಯೋ ತಪ್ಪೋ ಎಂದು ತಿಳಿಯಬೇಕಾದರೂ ಗಣಿತ ಬೇಕು, ಭಾಷೆ ಬೇಕು. ಆದುದರಿಂದ ಮಕ್ಕಳು ಪುಸ್ತಕವನ್ನು ಮುಚ್ಚಲು ಇನ್ನೂ ಯಾವ ಪ್ರಮಾಣವೂ ಒದಗಿಲ್ಲ.